ಎಲಿಪ್ಟಿಕಲ್ ಮೇಲೆ ಕೈಗಳಿಗೇನು ಕೆಲಸ?

ಪ್ರಶ್ನೆ: ನನಗೆ 47 ವರ್ಷ. ಬ್ಯಾಂಕಿನಲ್ಲಿ ಕೆಲಸ, ದಿನವಿಡೀ ಕಂಪ್ಯೂಟರ್ ಮುಂದೆ. ಮೊದಲು ಲಾಲ್‌ಬಾಗಿನಲ್ಲಿ ಬೆಳಗಿನ ನಡಿಗೆ ಇತ್ತು. ಮಂಡಿ ನೋವು ಶುರುವಾದ ಮೇಲೆ ಕನಕಪುರ ರಸ್ತೆಯ ನಮ್ಮ ಅಪಾರ್ಟ್‌ಮೆಂಟಿನ ಜಿಮ್‌ನಲ್ಲಿ ಎಲಿಪ್ಟಿಕಲ್ (ನಿಂತುಕೊಂಡು ಪೆಡಲ್ ತುಳಿಯುವ, ಕೈಗೆ ಹ್ಯಾಂಡಲ್ ಇರುವ ವ್ಯಾಯಾಮದ ಯಂತ್ರ) ಮಾಡುತ್ತಿದ್ದೇನೆ. ಚಲಿಸುವ ಹ್ಯಾಂಡಲ್ ಹಿಡಿದೇ ಮಾಡಿ, ಇಡೀ ಮೈಗೆ ವ್ಯಾಯಾಮವಾಗುತ್ತದೆ, ಕ್ಯಾಲೊರಿ ಹೆಚ್ಚು ಕರಗುತ್ತದೆ ಎನ್ನುತ್ತಾರೆ ಟ್ರೈನರ್. ಕೈ ಬಿಟ್ಟು ಮಾಡುವುದೇ ಸರಿ ಎನ್ನುತ್ತಾರೆ ಪಕ್ಕದ ಮನೆಯವರು. ಹಿಡಿದರೂ ಬಿಟ್ಟರೂ ಪರದೆಯ ಮೇಲೆ ಕ್ಯಾಲೊರಿ ಹೆಚ್ಚು ಕಡಿಮೆ ಒಂದೇ ತೋರಿಸುತ್ತದೆ. ಆದರೆ ಹಿಡಿದಾಗ ಎದೆಬಡಿತ ಜೋರಾಗುತ್ತದೆ, ಕತ್ತು ಮತ್ತು ಹೆಗಲು ನೋಯುತ್ತವೆ. ನನ್ನ ಎತ್ತರ ಐದು ಅಡಿ ಒಂದು ಇಂಚು, ಬಿ.ಪಿ.ಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಯಾವುದು ಸರಿ? 71 ವರ್ಷದ ನಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆಯಿದೆ, ಬಲಭುಜ ಬಿಗಿದುಕೊಂಡಿದೆ. ಅವರೂ ಇದನ್ನು ಮಾಡಬಹುದೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಟ್ರೈನರ್ ಹೇಳಿದ್ದರಲ್ಲಿಯೂ ನೆರೆಯವರು ಹೇಳಿದ್ದರಲ್ಲಿಯೂ ಸ್ವಲ್ಪ ಸ್ವಲ್ಪ ನಿಜವಿದೆ. ಎಲಿಪ್ಟಿಕಲ್‌ನಲ್ಲಿ ಚಲಿಸುವ ಹ್ಯಾಂಡಲ್ ಇರುವುದು ಕಾಲುಗಳ ಕೆಲಸದಲ್ಲಿ ಕೈಗಳು ಪಾಲು ತೆಗೆದುಕೊಳ್ಳಲಿ ಎಂದು. ಮೈಭಾರ ಹೊರಲು ಅಲ್ಲ. ನೀವು ಅದನ್ನು ಪೂರ್ತಿ ಬಿಡಬೇಕಾಗಿಲ್ಲ, ಪೂರ್ತಿ ಹೊತ್ತು ಹಿಡಿದಿರಬೇಕಾಗಿಯೂ ಇಲ್ಲ. ಆದರೆ ಈಗ ಹಿಡಿಯುತ್ತಿರುವ ರೀತಿ ಬದಲಾಗಬೇಕು ಎಂದು ನೀವು ಬರೆದಿರುವ ಲಕ್ಷಣಗಳಿಂದಲೇ ತಿಳಿಯುತ್ತದೆ. ಪರದೆಯ ಮೇಲಿನ ಕ್ಯಾಲೊರಿ ಒಂದೇ ಇರುತ್ತದೆ ಎಂಬುದನ್ನು ನೀವು ಗಮನಿಸಿದ್ದೀರಿ. ಉಳಿದ ಪ್ರಶ್ನೆಗಳ ಉತ್ತರವೂ ಅದರಲ್ಲಿಯೇ ಅಡಗಿರುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಹೆಚ್ಚಿನ ಎಲಿಪ್ಟಿಕಲ್‌ಗಳಲ್ಲಿ ಎರಡು ಜೊತೆ ಹ್ಯಾಂಡಲ್‌ಗಳಿರುತ್ತವೆ: ಪರದೆಯ ಹತ್ತಿರ ಅಲುಗಾಡದೆ ನಿಂತಿರುವ ಚಿಕ್ಕ ಜೊತೆ ಒಂದು, ಹೊರಬದಿಯಲ್ಲಿ ಹಿಂದೆ ಮುಂದೆ ಓಡಾಡುವ ಉದ್ದನೆಯ ಜೊತೆ ಇನ್ನೊಂದು. ಈ ಉದ್ದನೆಯ ಹ್ಯಾಂಡಲ್ ಒಂದು ಸನ್ನೆಕೋಲು. ನಡುವೆ ಕೀಲಿರುತ್ತದೆ, ಕೆಳತುದಿ ಅದೇ ಬದಿಯ ಪೆಡಲಿನ ತೋಳಿಗೆ ಜೋಡಿಸಿರುತ್ತದೆ. ಬಲಪಾದ ಮುಂದಕ್ಕೆ ಹೋದಾಗ ಬಲ ಹ್ಯಾಂಡಲಿನ ಕೆಳತುದಿಯೂ ಮುಂದಕ್ಕೆ ಹೋಗುತ್ತದೆ, ಮೇಲ್ತುದಿ ನಿಮ್ಮ ಎದೆಯ ಕಡೆಗೆ ಬರುತ್ತದೆ. ಅದೇ ಹೊತ್ತಿಗೆ ಎಡಗೈ ಮುಂದಕ್ಕೆ ಚಾಚಿಕೊಳ್ಳುತ್ತದೆ. ನಡೆಯುವಾಗ ನಮ್ಮ ಕೈಕಾಲುಗಳು ಬೀಸುವುದೂ ಹೀಗೆಯೇ. ಅಂದರೆ ನಾಲ್ಕು ತುದಿಗಳೂ, ಎರಡು ಕೈ ಎರಡು ಕಾಲು, ಯಂತ್ರದೊಳಗಿನ ಒಂದೇ ಫ್ಲೈವೀಲಿಗೆ ಕಟ್ಟಿಕೊಂಡಿವೆ. ಆ ಚಕ್ರವನ್ನು ಯಾರು ತಿರುಗಿಸಿದರು ಎಂಬುದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಎಷ್ಟು ವೇಗವಾಗಿ, ಎಷ್ಟು ರೆಸಿಸ್ಟೆನ್ಸ್ (ತಡೆ) ವಿರುದ್ಧ ತಿರುಗಿತು ಎಂಬುದಷ್ಟೇ ಗೊತ್ತಾಗುತ್ತದೆ. ಇಬ್ಬರು ಎದುರುಬದುರು ಕೂತು ಬೀಸುಕಲ್ಲು ತಿರುಗಿಸುವಾಗ ಒಬ್ಬರು ಗೂಟದ ಮೇಲೆ ಸುಮ್ಮನೆ ಕೈಯಿಟ್ಟು ಕೂತರೂ ಹಿಟ್ಟು ಬೀಳುತ್ತಲೇ ಇರುತ್ತದೆಯಲ್ಲವೇ, ಹಾಗೆ.

ಹಾಗಾಗಿ ಲೆವೆಲ್ಲನ್ನೂ (ಆ ತಡೆಯ ಹಂತವನ್ನೂ) ಹೆಜ್ಜೆಯ ವೇಗವನ್ನೂ ಬದಲಿಸದೆ ಚಲಿಸುವ ಹ್ಯಾಂಡಲ್ ಹಿಡಿದರೆ ಯಂತ್ರದ ಲೆಕ್ಕದಲ್ಲಿ ಏನೂ ಹೆಚ್ಚಾಗುವುದಿಲ್ಲ. ಕೈಗಳು ತಳ್ಳಿ ಎಳೆದಷ್ಟು ಕಾಲಿನ ಪಾಲು ಇಳಿಯುತ್ತದೆ, ಅಷ್ಟೇ. ಕೈಗಳು ಏನೂ ಮಾಡದೆ ಹ್ಯಾಂಡಲಿನ ಜೊತೆ ತೂಗಾಡುತ್ತಿದ್ದರೆ ಕಾಲುಗಳೇ ಕೈಗಳನ್ನೂ ಆಡಿಸುತ್ತಿರುತ್ತವೆ. ಪರದೆಯ ಸಂಖ್ಯೆಯನ್ನು ಅಕ್ಷರಶಃ ನಂಬಬಾರದು ಎಂಬುದಕ್ಕೂ ಒಂದು ಲೆಕ್ಕ ಕೊಡುತ್ತೇನೆ. ನೀವು 100 ವ್ಯಾಟ್‌ನಂತೆ 30 ನಿಮಿಷ ಮಾಡಿದರೆ ಚಕ್ರಕ್ಕೆ ಸೇರಿದ ಶಕ್ತಿ 180 ಕಿಲೋಜೌಲ್, ಅಂದರೆ ಕೇವಲ 43 ಕಿಲೋಕ್ಯಾಲೊರಿ. ನಮ್ಮ ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಸುಮಾರು ಐದನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗ ಮಾತ್ರ ಇಂತಹ ಕೆಲಸವಾಗಿ ಹೊರಬರುತ್ತದೆ, ಉಳಿದದ್ದು ಶಾಖವಾಗುತ್ತದೆ. ಆದ್ದರಿಂದ ದೇಹ ಕರಗಿಸಿದ್ದು ಸುಮಾರು 170ರಿಂದ 215 ಕಿಲೋಕ್ಯಾಲೊರಿ ಎಂದು ಅಂದಾಜು ಮಾಡಬಹುದು. ಈ ಐದನೇ ಒಂದೋ ನಾಲ್ಕನೇ ಒಂದೋ ಎಂಬುದು ವ್ಯಕ್ತಿಯಿಂದ ವ್ಯಕ್ತಿಗೆ, ಕೈ ಬಳಸಿದಾಗ ಬಳಸದಿದ್ದಾಗ ಬದಲಾಗುತ್ತದೆ. ಯಂತ್ರ ಎಲ್ಲರಿಗೂ ಒಂದೇ ಸೂತ್ರ ಹಚ್ಚುತ್ತದೆ. ತೂಕ, ವಯಸ್ಸು ನಮೂದಿಸದೆ ಶುರು ಮಾಡಿದರಂತೂ ಅದು ಇನ್ಯಾರದೋ ಕ್ಯಾಲೊರಿ.

ಹಾಗಾದರೆ ಕೈಗಳಿಂದ ಲಾಭವೇ ಇಲ್ಲವೇ? ಖಂಡಿತ ಇದೆ, ಆದರೆ ಅದು ಬರುವ ದಾರಿ ಬೇರೆ. ಕಾಲುಗಳು ಒಂದು ಲೆವೆಲ್‌ನಲ್ಲಿ ಬೇಗ ದಣಿಯುತ್ತಿದ್ದರೆ ಕೈಗಳು ಪಾಲು ತೆಗೆದುಕೊಳ್ಳುವುದರಿಂದ ಅದೇ ಲೆವೆಲ್‌ನಲ್ಲಿ ಇನ್ನೂ ಕೆಲವು ನಿಮಿಷ ಇರಲು ಸಾಧ್ಯವಾಗುತ್ತದೆ, ಅಥವಾ ಅಷ್ಟೇ ಆಯಾಸದಲ್ಲಿ ಒಂದು ಲೆವೆಲ್ ಮೇಲೆ ಹೋಗಲು ಸಾಧ್ಯವಾಗುತ್ತದೆ. ಹೆಚ್ಚು ಸ್ನಾಯುಗಳು ಒಟ್ಟಿಗೆ ದುಡಿದಾಗ ಹೃದಯ ಮತ್ತು ಶ್ವಾಸಕೋಶಗಳಿಗೆ ಸಿಗುವ ತರಬೇತಿಯೂ ಚೆನ್ನಾಗಿರುತ್ತದೆ. ಟ್ರೈನರ್ ಹೇಳಿದ ‘ಇಡೀ ಮೈಗೆ ವ್ಯಾಯಾಮ’ ಎಂಬುದು ನಿಜವಾಗುವುದು ಹೀಗೆ ಉದ್ದೇಶಪೂರ್ವಕವಾಗಿ ತಳ್ಳಿ ಎಳೆದಾಗ ಮಾತ್ರ. ಆದರೂ ಒಂದು ಮಾತು ಸ್ಪಷ್ಟವಾಗಿರಲಿ: ಇದು ತೋಳಿನ ಶಕ್ತಿ ಬೆಳೆಸುವ ವ್ಯಾಯಾಮಕ್ಕೆ ಬದಲಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ತೀವ್ರತೆಯ ವ್ಯಾಯಾಮದ ಜೊತೆಗೆ, ಕನಿಷ್ಠ ಎರಡು ದಿನ ದೊಡ್ಡ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನೂ ಪ್ರತ್ಯೇಕವಾಗಿ ಹೇಳಿದೆ. ಎಲಿಪ್ಟಿಕಲ್ ಮೊದಲನೆಯದಕ್ಕೆ ಸಲ್ಲುತ್ತದೆ. ಎರಡನೆಯದಕ್ಕೆ ಡಂಬೆಲ್ಲನ್ನೋ ರಬ್ಬರ್ ಬ್ಯಾಂಡನ್ನೋ, ಕಡೆಗೆ ಗೋಡೆಗೆ ಕೈಕೊಟ್ಟು ಮಾಡುವ ದಂಡವನ್ನೋ ಬೇರೆಯಾಗಿಯೇ ಮಾಡಬೇಕು.

ಈಗ ನನ್ನ ಮಟ್ಟಿಗೆ ಅತಿ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಎಲಿಪ್ಟಿಕಲ್ ಮಾಡುವವರಲ್ಲಿ ನಾನು ಪದೇ ಪದೇ ಕಾಣುವ ದೋಷ ಯಾವ ಹ್ಯಾಂಡಲ್ ಹಿಡಿದರು ಎಂಬುದರಲ್ಲಿಲ್ಲ, ಅದರ ಮೇಲೆ ಎಷ್ಟು ಭಾರ ಹಾಕಿದರು ಎಂಬುದರಲ್ಲಿದೆ. ಸಂಜೆ ಆಫೀಸು ಮುಗಿಸಿ, ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಕೂತು ಬಂದವರು ಹತ್ತನೇ ನಿಮಿಷಕ್ಕೆ ದಣಿದು, ಸೊಂಟ ಹಿಂದಕ್ಕೆ ಹೋಗಿ, ಎದೆ ಮುಂದಕ್ಕೆ ಬಾಗಿ, ಅಂಗೈಯನ್ನು ಹ್ಯಾಂಡಲಿಗೆ ಊರಿ ಅರ್ಧ ನೇತಾಡುತ್ತಿರುತ್ತಾರೆ. ಹೀಗೆ ಭಾರ ಕೈಗೆ ಹೋದಾಗ ಕಾಲು ಹೊರುವ ತೂಕ ಕಡಿಮೆಯಾಗಿ ದೇಹ ಪಡುವ ಶ್ರಮವೂ ಕಡಿಮೆಯಾಗುತ್ತದೆ. ಟ್ರೆಡ್‌ಮಿಲ್ಲಿನಲ್ಲಿ ಕಂಬಿ ಹಿಡಿದು ನಡೆದರೆ ಆಮ್ಲಜನಕದ ಬಳಕೆ ಇಳಿಯುತ್ತದೆ ಎಂಬುದು ಚೆನ್ನಾಗಿ ತಿಳಿದಿರುವ ಸಂಗತಿ. ಇಲ್ಲಿಯೂ ಕಾರಣ ಅದೇ. ಅಲ್ಲದೆ ಮುಂದಕ್ಕೆ ಬಾಗಿದ ಮೈಯ ಭಾರ ಪಾದದ ಮುಂಭಾಗಕ್ಕೆ ಬೀಳುತ್ತದೆ. ಎಲಿಪ್ಟಿಕಲ್ ಮಾಡುವಾಗ ಕಾಲ್ಬೆರಳು ಜೋಮು ಹಿಡಿಯುತ್ತದೆ ಎಂದು ಹೇಳುವವರಲ್ಲಿ ಅನೇಕರಿಗೆ ನೆಟ್ಟಗೆ ನಿಂತು, ಹಿಮ್ಮಡಿಗೂ ಭಾರ ಕೊಟ್ಟು, ಶೂ ಲೇಸು ಸ್ವಲ್ಪ ಸಡಿಲಿಸಿದರೆ ಆ ತೊಂದರೆ ಹೋಗಿಬಿಡುತ್ತದೆ.

ನೀವು ನೇತಾಡುತ್ತಿದ್ದೀರೋ ಇಲ್ಲವೋ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ. ಸರಾಗವಾಗಿ ಸಾಗುತ್ತಿರುವಾಗ ಕಿರುಬೆರಳಿನಿಂದ ಆರಂಭಿಸಿ ಒಂದೊಂದೇ ಬೆರಳನ್ನು ಹ್ಯಾಂಡಲಿನಿಂದ ಸಡಿಲಿಸುತ್ತಾ ಬನ್ನಿ, ಕೊನೆಗೆ ಹೆಬ್ಬೆರಳು ಮತ್ತು ತೋರುಬೆರಳು ಮಾತ್ರ ತಾಗಿರಲಿ. ಆಗ ಮೈ ಮುಂದಕ್ಕೋ ಹಿಂದಕ್ಕೋ ವಾಲಿದರೆ ನೀವು ಭಾರ ಹಾಕುತ್ತಿದ್ದಿರಿ ಎಂದರ್ಥ. ಮೈ ನೆಟ್ಟಗೇ ಇದ್ದು ಪರದೆಯಲ್ಲಿ ವೇಗ ಮಾತ್ರ ಸ್ವಲ್ಪ ಇಳಿದರೆ ನಿಮ್ಮ ಕೈಗಳು ನಿಜವಾಗಿ ಕೆಲಸ ಮಾಡುತ್ತಿದ್ದವು. ಎರಡೂ ಬದಲಾಗದಿದ್ದರೆ ಕೈಗಳು ಸುಮ್ಮನೆ ಸವಾರಿ ಮಾಡುತ್ತಿದ್ದವು.

ಎದೆಬಡಿತದ ವಿಷಯ. ಒಂದೇ ಪ್ರಮಾಣದ ಕೆಲಸವನ್ನು ಕಾಲಿನ ಬದಲು ಕೈಗಳಿಂದ ಮಾಡಿದರೆ ಹೃದಯಬಡಿತವೂ ರಕ್ತದೊತ್ತಡವೂ ಹೆಚ್ಚು ಏರುತ್ತವೆ. ತೋಳಿನ ಸ್ನಾಯುರಾಶಿ ಚಿಕ್ಕದು. ಅದೇ ಕೆಲಸಕ್ಕೆ ಅದು ತನ್ನ ಸಾಮರ್ಥ್ಯದ ಹೆಚ್ಚಿನ ಪಾಲನ್ನು ಹಾಕಬೇಕಾಗುತ್ತದೆ. ಕೈಗಳು ಹೃದಯದ ಮಟ್ಟಕ್ಕಿಂತ ಮೇಲಿದ್ದರೆ ಬಡಿತ ಇನ್ನಷ್ಟು ಏರುತ್ತದೆ. ಐದು ಅಡಿ ಒಂದು ಇಂಚಿನವರು ಎತ್ತರದ ಹ್ಯಾಂಡಲಿನ ತುದಿಯನ್ನು ಹಿಡಿದರೆ ಆಗುವುದೂ ಅದೇ. ಇದರ ಮೇಲೆ ಬಿಗಿಮುಷ್ಟಿ ಸೇರಿದರೆ, ಅಂದರೆ ಗೆಣ್ಣುಗಳು ಬಿಳಿಚಿಕೊಳ್ಳುವಷ್ಟು ಒತ್ತಿ ಹಿಡಿದು, ಜೊತೆಗೆ ಉಸಿರನ್ನೂ ಕಟ್ಟಿದರೆ, ರಕ್ತದೊತ್ತಡ ಥಟ್ಟನೆ ಏರುತ್ತದೆ. ಆದ್ದರಿಂದ ಬಿ.ಪಿ. ಇರುವ ನೀವು ಮೊದಲು ಬದಲಿಸಬೇಕಾದದ್ದು ಮುಷ್ಟಿ. ಹ್ಯಾಂಡಲ್ ಬೆರಳುಗಳ ಕೊಕ್ಕೆಯಲ್ಲಿರಲಿ, ಅಂಗೈಯ ಬಿಗಿತದಲ್ಲಿ ಬೇಡ. ಉಸಿರು ಎಡೆಬಿಡದೆ ಆಡುತ್ತಿರಲಿ. ಬಡಿತ ಜೋರಾದದ್ದನ್ನು ಕಂಡು ‘ವ್ಯಾಯಾಮ ಚೆನ್ನಾಗಿ ಆಗುತ್ತಿದೆ’ ಎಂದು ತಿಳಿಯುವುದೂ ತಪ್ಪು, ಏಕೆಂದರೆ ಕೈಯಿಂದ ಏರಿದ ಬಡಿತ ಅಷ್ಟೇ ಪ್ರಮಾಣದ ಹೆಚ್ಚುವರಿ ಆಮ್ಲಜನಕದ ಬಳಕೆಯನ್ನು ತೋರಿಸುವುದಿಲ್ಲ.

ನೀವು ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಬರೆದಿಲ್ಲ. ಅದು ಅಟೆನೊಲಾಲ್, ಮೆಟೊಪ್ರೊಲಾಲ್‌ನಂತಹ ಬೀಟಾ ಬ್ಲಾಕರ್ ಆಗಿದ್ದರೆ ಬಡಿತವನ್ನು ಅದೇ ತಗ್ಗಿಸಿರುತ್ತದೆ. ಗರಿಷ್ಠ ಹೃದಯಬಡಿತ ತಿಳಿಯಲು ಹೇಳುವ ‘220ರಿಂದ ವಯಸ್ಸು ಕಳೆಯಿರಿ’ ಎಂಬ ಸೂತ್ರ ಆಗ ಕೆಲಸಕ್ಕೆ ಬಾರದು. ಆ ಸೂತ್ರ ಮಾತ್ರೆ ಇಲ್ಲದವರಲ್ಲಿಯೂ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವಂಥದ್ದೇ. ಸ್ಥಿರ ಹ್ಯಾಂಡಲಿನ ಲೋಹದ ಪಟ್ಟಿಗಳು ಹೃದಯದ ವಿದ್ಯುತ್ ಸಂಕೇತವನ್ನು ಎರಡೂ ಅಂಗೈಗಳ ಮೂಲಕ ಓದುತ್ತವೆ. ಒಣ ಅಂಗೈ, ಅಲುಗಾಟ, ಸಡಿಲ ಸ್ಪರ್ಶ ಯಾವುದಿದ್ದರೂ ಅಂಕಿ ಎತ್ತೆತ್ತಲೋ ಹೋಗುತ್ತದೆ. ನಿಮಗೆ ನಾನು ಹೇಳುವ ಅಳತೆ ಮಾತಿನದು. ಪಕ್ಕದವರೊಂದಿಗೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಸಾಧ್ಯವಾಗಬೇಕು, ಹಾಡಲು ಆಗಬಾರದು. ಮಧ್ಯಮ ತೀವ್ರತೆ ಎಂದರೆ ಅದೇ. ಎರಡು ಮೂರು ಪದಕ್ಕೆ ಏದುಸಿರು ಬಂದರೆ ಲೆವೆಲ್ ಇಳಿಸಿ ಅಥವಾ ಸ್ಥಿರ ಹ್ಯಾಂಡಲಿಗೆ ಬನ್ನಿ.

ಕತ್ತು ಹೆಗಲಿನ ನೋವಿಗೆ ಅರ್ಧ ಕಾರಣ ಎಲಿಪ್ಟಿಕಲ್, ಅರ್ಧ ಕಾರಣ ನಿಮ್ಮ ಕುರ್ಚಿ. ದಿನವಿಡೀ ಪರದೆಯ ಕಡೆ ಕತ್ತು ಚಾಚಿ, ಭುಜ ಮುಂದಕ್ಕೆ ಮಡಚಿ ಕೂತವರು ಅದೇ ಭಂಗಿಯನ್ನು ಜಿಮ್ಮಿಗೂ ಹೊತ್ತು ತರುತ್ತಾರೆ. ಹ್ಯಾಂಡಲನ್ನು ತಳ್ಳುವುದಕ್ಕಷ್ಟೇ ಗಮನ ಕೊಟ್ಟರೆ ಎದೆಯ ಸ್ನಾಯುಗಳೂ ಭುಜದ ಮುಂಭಾಗವೂ ಇನ್ನಷ್ಟು ಬಿಗಿಯುತ್ತವೆ. ನಿಮ್ಮಂಥವರಿಗೆ ಬೇಕಾದದ್ದು ಎಳೆತ. ಹ್ಯಾಂಡಲ್ ನಿಮ್ಮ ಕಡೆ ಬರುವಾಗ ಮೊಣಕೈ ಪಕ್ಕೆಗೆ ಹತ್ತಿರವಾಗಿ ಹಿಂದಕ್ಕೆ ಸಾಗಲಿ, ಆ ಬದಿಯ ಹೆಗಲಮೂಳೆ ಬೆನ್ನುಮೂಳೆಯ ಕಡೆ ಮೆಲ್ಲಗೆ ಜಾರಲಿ. ದೂರ ಹೋಗುವಾಗ ಕೈ ಸುಮ್ಮನೆ ಹಿಂಬಾಲಿಸಿದರೆ ಸಾಕು. ಮೊಣಕೈ ಯಾವ ಹಂತದಲ್ಲಿಯೂ ಪೂರ್ತಿ ನೆಟ್ಟಗಾಗಿ ಲಾಕ್ ಆಗಬಾರದು. ಮಣಿಕಟ್ಟು ಮುಂದೋಳಿನ ನೇರಕ್ಕೇ ಇರಲಿ, ಮೇಲಕ್ಕಾಗಲಿ ಕೆಳಕ್ಕಾಗಲಿ ಮಡಚುವುದು ಬೇಡ. ಹಿಡಿತದ ಎತ್ತರ ಮೊಣಕೈ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಹೆಗಲಿಗಿಂತ ಖಂಡಿತ ಕೆಳಗೆ. ರಬ್ಬರ್ ಹೊದಿಕೆಯ ಮೇಲ್ತುದಿಯಲ್ಲಿಯೇ ಹಿಡಿಯಬೇಕೆಂಬ ನಿಯಮವೇನೂ ಇಲ್ಲ, ನೀವು ಅದರ ಕೆಳತುದಿಯನ್ನೇ ಹಿಡಿಯಿರಿ. ಕೆಳಗೆ ಹಿಡಿದಷ್ಟೂ ಕೈ ಸಾಗುವ ದೂರವೂ ಕಡಿಮೆಯಾಗುತ್ತದೆ, ಗಿಡ್ಡ ತೋಳಿಗೆ ಅದು ಅನುಕೂಲವೇ. ಅಷ್ಟಾದರೂ ಮುಂದೆ ಹೋದ ಕೈಯ ಜೊತೆ ಭುಜವೂ ಎಳೆದುಕೊಂಡು ಹೋಗುತ್ತಿದ್ದರೆ ಆ ಯಂತ್ರದ ಹ್ಯಾಂಡಲ್ ನಿಮ್ಮ ಅಳತೆಯದಲ್ಲ. ಆಗ ಅದನ್ನು ಬಿಟ್ಟು ಸ್ಥಿರ ಹ್ಯಾಂಡಲನ್ನೇ ಬಳಸುವುದು ಸರಿ; ಅದರಲ್ಲಿ ಯಾವ ಸೋಲೂ ಇಲ್ಲ.

ಮೊಬೈಲನ್ನು ಪರದೆಯ ತಟ್ಟೆಯಲ್ಲಿಟ್ಟು ತಲೆ ತಗ್ಗಿಸಿ ನೋಡುತ್ತಾ ಮಾಡುವ ಅಭ್ಯಾಸ ಇದ್ದರೆ ಕತ್ತಿನ ನೋವಿಗೆ ಅದೊಂದೇ ಸಾಕು.

ನಿಮ್ಮ ನೆರೆಯವರು ಹೇಳುವಂತೆ ಕೈ ಬಿಟ್ಟು ಮಾಡಿದರೆ ಸಮತೋಲನಕ್ಕೂ ಹೊಟ್ಟೆ ಬೆನ್ನಿನ ಸ್ನಾಯುಗಳಿಗೂ ಕೆಲಸ ಸಿಗುವುದು ನಿಜ. ಭಾರ ಪೂರ್ತಿ ಕಾಲಿನ ಮೇಲೇ ಇರುವುದರಿಂದ ನೇತಾಡುವ ಮೋಸಕ್ಕೂ ಎಡೆಯಿಲ್ಲ. ಆದರೆ ಆ ಹೊತ್ತಿಗೂ ಚಲಿಸುವ ಹ್ಯಾಂಡಲ್‌ಗಳು ಓಡಾಡುತ್ತಲೇ ಇರುತ್ತವೆ. ಅವು ಮೊಣಕೈಗೋ ಎದೆಗೋ ತಾಗಿದರೆ ಒಳ್ಳೆಯ ಪೆಟ್ಟೇ ಬೀಳುತ್ತದೆ. ಕಡಿಮೆ ಲೆವೆಲ್, ನಿಧಾನದ ಹೆಜ್ಜೆ, ಮೊಣಕೈ ಮಡಚಿ ಪಕ್ಕೆಗೆ ಹತ್ತಿರ, ಒಂದೆರಡು ನಿಮಿಷ, ಈ ಮಿತಿಯಲ್ಲಿ ಅದು ಒಳ್ಳೆಯ ಅಭ್ಯಾಸ. ತಲೆ ಸುತ್ತು ಬರುವವರು ಮಾಡಕೂಡದು. ಬಿ.ಪಿ. ಮಾತ್ರೆಯನ್ನು ಹೊಸದಾಗಿ ಆರಂಭಿಸಿದವರೂ ಪ್ರಮಾಣ ಬದಲಿಸಿಕೊಂಡವರೂ ಕೆಲವು ವಾರ ಇದರ ಗೋಜಿಗೆ ಹೋಗದಿರುವುದು ಕ್ಷೇಮ.

ನಿಮಗೆ ನಾನು ಸೂಚಿಸುವ ಕ್ರಮ ಹೀಗಿದೆ. ಸ್ಥಿರ ಹ್ಯಾಂಡಲ್ ಹಿಡಿದು, ಕೆಳಗಿರುವ ಪೆಡಲಿನ ಮೇಲೆ ಮೊದಲ ಕಾಲಿಟ್ಟು ಹತ್ತಿ. ಮೊದಲ ಐದು ನಿಮಿಷ ಅದೇ ಹ್ಯಾಂಡಲನ್ನು ಬೆರಳ ತುದಿಯಲ್ಲಿ ಹಿಡಿದು ಹಗುರವಾಗಿ ಸಾಗಿ. ನಂತರ ಎರಡು ನಿಮಿಷ ಚಲಿಸುವ ಹ್ಯಾಂಡಲ್, ಮೂರು ನಿಮಿಷ ಸ್ಥಿರ ಹ್ಯಾಂಡಲ್ ಎಂಬಂತೆ ಮೂರು ಸುತ್ತು ಮಾಡಿ, ಕೊನೆಯ ಐದು ನಿಮಿಷ ನಿಧಾನಕ್ಕೆ ಇಳಿಸಿಕೊಳ್ಳಿ. ಒಟ್ಟು 25 ನಿಮಿಷ. ಎರಡು ವಾರ ಲೆವೆಲ್ ಏರಿಸಬೇಡಿ. ಕತ್ತು ಹೆಗಲು ಸುಮ್ಮನಿದ್ದರೆ ಚಲಿಸುವ ಹ್ಯಾಂಡಲಿನ ಪಾಲನ್ನು ಮೂರು ನಿಮಿಷಕ್ಕೆ, ನಂತರ ನಾಲ್ಕಕ್ಕೆ ಒಯ್ಯಿರಿ. ಲಾಭ ಬೇಕೆಂದರೆ ಲೆವೆಲ್ ಏರಿಸಬೇಕಾದದ್ದು ಆಮೇಲೆ, ಅದೂ ಕೈ ಹಿಡಿದ ನಿಮಿಷಗಳಲ್ಲಿ ಮಾತ್ರ ಒಂದು ಹಂತ. ಹೆಜ್ಜೆಯ ಎಣಿಕೆಯನ್ನು ಬೇರೆಯವರ ಯಂತ್ರದೊಂದಿಗೆ ಹೋಲಿಸಬೇಡಿ, ಏಕೆಂದರೆ ಕೆಲವು ಯಂತ್ರಗಳು ಒಂದು ಪೂರ್ತಿ ಸುತ್ತನ್ನು ಒಂದು ಎಂದೂ ಕೆಲವು ಪ್ರತಿ ಪಾದವನ್ನು ಒಂದು ಎಂದೂ ಎಣಿಸುತ್ತವೆ.

ಮಂಡಿಯ ದೃಷ್ಟಿಯಿಂದ ನಿಮ್ಮ ಆಯ್ಕೆ ಸರಿಯಾಗಿದೆ. 1995ರಲ್ಲಿ ಅಮೆರಿಕದ ಪ್ರಿಕೋರ್ ಕಂಪನಿ ಈ ಯಂತ್ರವನ್ನು ಮಾರುಕಟ್ಟೆಗೆ ತಂದಾಗಿನಿಂದಲೂ ಇದರ ಮುಖ್ಯ ಗುಣ ಪಾದ ಪೆಡಲನ್ನು ಬಿಟ್ಟೇಳುವುದಿಲ್ಲ, ಹಾಗಾಗಿ ನೆಲಕ್ಕೆ ಅಪ್ಪಳಿಸುವ ಪೆಟ್ಟಿಲ್ಲ ಎಂಬುದೇ. ಕೈಗಳು ಪಾಲು ತೆಗೆದುಕೊಂಡಾಗ ಮಂಡಿಯ ಹೊರೆ ಇನ್ನೂ ಸ್ವಲ್ಪ ಇಳಿಯುತ್ತದೆ. ಮಂಡಿ ಕಾಲ್ಬೆರಳುಗಳ ನೇರಕ್ಕೇ ಸಾಗಲಿ, ಒಳಕ್ಕೆ ವಾಲದಿರಲಿ. ಮಂಡಿ ಊದಿಕೊಂಡಿದ್ದರೆ ಅಥವಾ ಮೆಟ್ಟಿಲಿಳಿಯುವಾಗ ಸಿಕ್ಕಿಹಾಕಿಕೊಂಡಂತಾದರೆ ಯಂತ್ರವನ್ನು ನಂಬದೆ ಮೂಳೆ ವೈದ್ಯರಿಗೆ ತೋರಿಸಿ.

ಒಂದು ಎಚ್ಚರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೈ ಬಳಸಿ ಮಾಡುವ ವ್ಯಾಯಾಮದಲ್ಲಿ ಭುಜ ನೋವು ಬಂದರೆ ಸ್ನಾಯು ಉಳುಕಿರಬೇಕೆಂದು ಸುಮ್ಮನಾಗುವುದು ಸಹಜ. ಆದರೆ ಹೃದಯದ ನೋವೂ ಎದೆಯಿಂದ ಎಡತೋಳಿಗೆ, ಕತ್ತಿಗೆ, ದವಡೆಗೆ, ಕೆಲವೊಮ್ಮೆ ಬೆನ್ನಿಗೆ ಹರಡುತ್ತದೆ. ಹೆಂಗಸರಲ್ಲಿ ಅದು ವಾಕರಿಕೆ, ಏದುಸಿರು, ವಿಪರೀತ ಸುಸ್ತಿನ ರೂಪದಲ್ಲಿಯೂ ಬರಬಹುದು. ಕೈಯನ್ನು ಒಂದು ನಿರ್ದಿಷ್ಟ ಕೋನಕ್ಕೆ ತಿರುಗಿಸಿದಾಗ ಹೆಚ್ಚಾಗುವ, ಒತ್ತಿದರೆ ಒಂದೇ ಜಾಗದಲ್ಲಿ ನೋಯುವ ನೋವು ಸಾಮಾನ್ಯವಾಗಿ ಸ್ನಾಯುವಿನದು. ವೇಗ ಹೆಚ್ಚಿಸಿದಾಗ ಬಂದು, ನಿಂತಾಗ ಕೆಲವು ನಿಮಿಷಗಳಲ್ಲಿ ಇಳಿಯುವ ಒತ್ತಿದಂತಹ ನೋವಾದರೆ, ನೀವು ಯಾವ ಹ್ಯಾಂಡಲ್ ಹಿಡಿದಿದ್ದರೂ ಸರಿ, ವ್ಯಾಯಾಮ ಅಲ್ಲಿಗೇ ನಿಲ್ಲಿಸಿ ತಡಮಾಡದೆ ಹೃದಯ ತಜ್ಞರನ್ನು ಕಾಣಬೇಕು. ನಿಂತ ಮೇಲೂ ನೋವು ಇಳಿಯದಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ವಿಶ್ರಾಂತಿಯಲ್ಲಿಯೇ ರಕ್ತದೊತ್ತಡ 180/110 ದಾಟಿರುವ ದಿನ ಎಲಿಪ್ಟಿಕಲ್ ಹತ್ತಲೇಬೇಡಿ, ವೈದ್ಯರೊಡನೆ ಮಾತಾಡಿ.

ಇನ್ನು ನಿಮ್ಮ ಅತ್ತೆಯವರ ಪ್ರಶ್ನೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಭುಜ ಬಿಗಿದುಕೊಳ್ಳುವುದು ಉಳಿದವರಿಗಿಂತ ಹೆಚ್ಚು, ಬಿಡುವುದಕ್ಕೂ ತಿಂಗಳುಗಳೇ ಬೇಕಾಗುತ್ತವೆ. ಚಲಿಸುವ ಹ್ಯಾಂಡಲ್ ಭುಜವನ್ನು ಅದು ಸಿದ್ಧವಿರುವಷ್ಟಕ್ಕೆ ಅಲ್ಲ, ಕಾಲು ನಿರ್ಧರಿಸಿದಷ್ಟಕ್ಕೆ ಎಳೆಯುತ್ತದೆ. ಕಾಲು ನಿಲ್ಲುವವರೆಗೆ ಕೈಯೂ ನಿಲ್ಲದು. ಬಿಗಿದ ಭುಜಕ್ಕೆ ಇದು ತಕ್ಕದ್ದಲ್ಲ. ಬಲಗೈಯನ್ನು ಬಿಟ್ಟು ಎಡಗೈಯಿಂದ ಮಾತ್ರ ಚಲಿಸುವ ಹ್ಯಾಂಡಲ್ ಹಿಡಿಯುವುದೂ ಬೇಡ, ಬೆನ್ನು ಒಂದೇ ಕಡೆಗೆ ತಿರುಚುತ್ತದೆ. ಆ ವಯಸ್ಸಿನಲ್ಲಿ, ಅದರಲ್ಲಿಯೂ ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶ ಮಂದವಾಗಿದ್ದರೆ, ಅಲುಗುವ ಪೆಡಲಿನ ಮೇಲೆ ಹತ್ತಿ ಇಳಿಯುವುದೇ ಅಪಾಯದ ಗಳಿಗೆ. ಅವರಿಗೆ ಅದೇ ಜಿಮ್ಮಿನಲ್ಲಿ ಬೆನ್ನಿಗೆ ಆಸರೆಯಿರುವ ಕೂತು ತುಳಿಯುವ ಸೈಕಲ್ ಇದ್ದರೆ ಅದರಿಂದ ಆರಂಭಿಸುವುದು ಒಳ್ಳೆಯದು. ವೈದ್ಯರ ಒಪ್ಪಿಗೆ ಪಡೆದು, ಪಾದಗಳನ್ನು ಪರೀಕ್ಷಿಸಿಕೊಂಡು ಶುರು ಮಾಡಲಿ; ಸಕ್ಕರೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಪ್ಪಿಸಿದ ಹೊತ್ತಿನಲ್ಲಿ ಮಾಡದಂತೆ ನೋಡಿಕೊಳ್ಳಿ. ಭುಜಕ್ಕೆ ಬೇಕಾದ ಚಲನೆಯನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಪ್ರತ್ಯೇಕವಾಗಿ ಕಲಿಯಲಿ. ಕೈ ಹೆಗಲಿನ ಮಟ್ಟಕ್ಕೆ ನೋವಿಲ್ಲದೆ ಏಳುವಂತಾದ ಮೇಲೆ ಎಲಿಪ್ಟಿಕಲ್ ಮಾಡುವ ಆಸೆ ಅವರಿಗಿದ್ದರೆ, ನೀವು ಪಕ್ಕದಲ್ಲಿ ನಿಂತು, ಸ್ಥಿರ ಹ್ಯಾಂಡಲ್ ಹಿಡಿಸಿ, ಅತಿ ಕಡಿಮೆ ಲೆವೆಲ್‌ನಲ್ಲಿ ಮೂರು ನಾಲ್ಕು ನಿಮಿಷ ಮಾಡಿಸಿ ನೋಡಬಹುದು.